ನೌಕರ ಸಂಖ್ಯೆ ೪೪೧೭, ಶ್ರೀ ನಾವು ಅವರ ವಿಷಯವಾಗಿ

ಏಳನೆಯ ಮಹಡಿಯಲ್ಲಿ ಆಸೀನರಾಗಿರುವ ಆಲಿಕೆ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ, ನೆಲಮಹಡಿಯ ಇಸ್ತ್ರಿ ಹಾಲಿನಲ್ಲಿರುವ ಕಲೆ ತಪಾಸಣೆ ಮೇಜಿನಿಂದ

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ ತಮ್ಮ ಎರಡೂ ಕಿವಿಗಳು ಎಂದಿನಂತೆ ಸುಸ್ಥಿತಿಯಲ್ಲಿವೆಯೆಂದೂ ನಂಬಿ, ತಲೆಬಾಗಿ, ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಮ್ಮ ಕೊಠಡಿಯ ಗಾಜಿನ ಬಾಗಿಲ ಮೇಲೆ ‘ನಿಮ್ಮ ಮಾತು, ನಮ್ಮ ಕಿವಿ’ ಎಂದು ಚಿನ್ನದ ಬಣ್ಣದಲ್ಲಿ ಬರೆಸಿರುವುದಾಗಿ ಮೇಲಿನ ಮಹಡಿಗಳಿಗೆ ಚಹಾ ಒಯ್ಯುವ ಕ್ಯಾಂಟೀನಿನಾಕೆ ಹೇಳಿದ್ದಾಳೆ. ಆ ಬಾಗಿಲು ಸದಾ ಮುಚ್ಚಿಯೇ ಇರುತ್ತದೆಂದೂ ಅವಳು ಸೇರಿಸಿದಳು. ಒಳಗಿನ ತಂಪು ಹೊರಗೆ ಹೋಗಬಾರದಲ್ಲ, ಅದಕ್ಕೇ ಇರಬೇಕು ಎಂದು ನಾನು ತಮ್ಮ ಪರವಾಗಿ ಸಮಜಾಯಿಷಿ ಕೊಟ್ಟಿದ್ದೇನೆ.

ಮೊದಲಿಗೆ ಒಂದು ಪ್ರಮಾಣ. ಈ ಪತ್ರವನ್ನು ನಾನು ಒಬ್ಬಳೇ ಬರೆಯುತ್ತಿದ್ದೇನೆ. ಬರೆಯುವಾಗ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ, ಹೆಗಲ ಮೇಲಿಂದ ಯಾರೂ ಇಣುಕಲಿಲ್ಲ, ಯಾರೂ ಒಂದು ಪದವನ್ನೂ ಸೂಚಿಸಲಿಲ್ಲ. ಒಬ್ಬರಿಗಿಂತ ಹೆಚ್ಚು ಮಂದಿ ಸೇರಿ ದೂರು ಕೊಡುವುದು ಕಂಪನಿಯ ಸಂಸ್ಕೃತಿಗೆ ಒಗ್ಗುವುದಿಲ್ಲವೆಂದು ತಾವು ಈ ಹಿಂದೆಯೇ ತಿಳಿಸಿರುವುದರಿಂದ ಈ ಎಚ್ಚರ. ಇದರ ಒಂದು ಪ್ರತಿ ಕೈತೊಳೆಯುವ ತೊಟ್ಟಿಯ ಪಕ್ಕದ ನೋಟೀಸ್ ಬೋರ್ಡಿನ ಮೇಲೆ ಕಂಡುಬಂದರೆ, ಅದನ್ನು ಅಲ್ಲಿ ಅಂಟಿಸಿರುವುದು ಶಾಯಿ ಒಣಗಲೆಂದು ಮಾತ್ರ.

ಏಳನೆಯ ಮಹಡಿಯಿಂದ ಕೆಳಗಿಳಿದು ಬರುವಷ್ಟು ಬಿಡುವು ತಮಗಿಲ್ಲದ ಕಾರಣ, ಇಲ್ಲಿ ನಡೆಯುವ ಕೆಲಸವನ್ನು ಎರಡು ಮಾತಿನಲ್ಲಿ ವಿವರಿಸಲು ಅಪ್ಪಣೆ ಬೇಡುತ್ತೇನೆ. ಆಸ್ಪತ್ರೆಗಳಿಂದಲೂ ಹೋಟೆಲುಗಳಿಂದಲೂ ಬರುವ ಹಾಸಿಗೆಯ ಚಾದರಗಳನ್ನು ಕಂಪನಿಯು ಒಗೆದು, ಇಸ್ತ್ರಿ ಮಾಡಿ, ಮಡಚಿ ಹಿಂದಿರುಗಿಸುತ್ತದೆ. ಒದ್ದೆ ಚಾದರದ ಎರಡು ಮೂಲೆಗಳನ್ನು ಇಬ್ಬರು ಹಿಡಿದು, ಕೊಡವಿ, ಸುಡುಸುಡುವ ಉದ್ದನೆಯ ರೋಲರಿನ ಬಾಯಿಗೆ ಕೊಡುತ್ತಾರೆ. ಅದು ಒಣಗಿ, ನೇರವಾಗಿ, ಇನ್ನೊಂದು ಬದಿಯಿಂದ ಹೊರಬಂದು ನನ್ನ ಮೇಜಿಗೆ ಬರುತ್ತದೆ. ನನ್ನ ಮೇಜು ಹಾಲುಬಿಳಿಯ ಗಾಜಿನದು, ಅದರ ಕೆಳಗೆ ಟ್ಯೂಬ್‌ಲೈಟು. ಚಾದರವನ್ನು ಅದರ ಮೇಲೆ ಹರಡಿ, ಕಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತೇನೆ. ಹದಿನೇಳು ವರ್ಷಗಳಿಂದ ಮಾಡಿದ್ದು ಇಷ್ಟೇ, ಇರುವುದನ್ನು ಇದೆ ಎನ್ನುವುದು. ಈ ಚಾಳಿ ಕೈಗೆ ಅಂಟಿಬಿಟ್ಟಿರುವುದರಿಂದ ಪತ್ರದಲ್ಲಿಯೂ ಅಲ್ಲಲ್ಲಿ ಇಣುಕಿದರೆ ಕ್ಷಮೆ ಇರಲಿ.

ಮೂರನೆಯ ರೋಲರಿನಲ್ಲಿ ಕೆಲಸ ಮಾಡುವವರನ್ನು ಹಾಲಿನಲ್ಲಿ ದೊಡ್ಡಕ್ಕ, ಸಣ್ಣಕ್ಕ ಎನ್ನುತ್ತಾರೆ. ಇಬ್ಬರೂ ಒಡಹುಟ್ಟಿದವರಲ್ಲ. ದೊಡ್ಡಕ್ಕ ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವಳು, ಎತ್ತರದಲ್ಲಿ ಒಂದು ಗೇಣು ದೊಡ್ಡವಳು, ಅಷ್ಟೇ. ಅವರು ನಿಲ್ಲುವ ಕಡೆ, ರೋಲರಿನ ಬಾಯಿಯ ಉದ್ದಕ್ಕೂ ಒಂದು ಸೇಫ್ಟಿ ರಾಡ್ ಇದೆ. ಬೆರಳು ತಗುಲಿದರೆ ಸಾಕು, ರೋಲರು ತಕ್ಷಣ ನಿಲ್ಲುತ್ತದೆ. ಬೆರಳಿಗೂ ಮುದುಡಿದ ಚಾದರಕ್ಕೂ ವ್ಯತ್ಯಾಸ ತಿಳಿಯದ ಪೆದ್ದು ರಾಡ್ ಅದು. ಹೀಗಾಗಿ ದಿನಕ್ಕೆ ಹತ್ತು ಹನ್ನೊಂದು ಸಲ ಸುಮ್ಮಸುಮ್ಮನೆ ನಿಲ್ಲುತ್ತಿತ್ತು, ಪ್ರತಿ ಸಲವೂ ನಾಲ್ಕು ನಿಮಿಷ ಹೋಗುತ್ತಿತ್ತು. ಏಳು ತಿಂಗಳ ಹಿಂದೆ ಹಾಲಿನಲ್ಲಿ ಉತ್ಪಾದನೆ ತೋರಿಸುವ ದೀಪದ ಬೋರ್ಡನ್ನು ತೂಗುಹಾಕಿದರು. ರೋಲರು ನಿಂತರೆ ಬೋರ್ಡು ಕೆಂಪಾಗುತ್ತದೆ, ಬೋರ್ಡು ಕೆಂಪಾದರೆ ಮೇಲ್ವಿಚಾರಕರ ಮುಖವೂ ಕೆಂಪಾಗುತ್ತದೆ. ಯಾವ ಮಾತಿಗೂ ‘ಒಂದ್ನಿಮಿಷ’ ಎನ್ನುವ ಅಭ್ಯಾಸವಿರುವುದರಿಂದ ಅವರಿಗೆ ಒಂದ್ನಿಮಿಷ ಎಂದೇ ಹೆಸರು. ಅವರು ಒಂದು ಬೆಳಿಗ್ಗೆ ಬಂದು, “ಈ ರಾಡನ್ನ ಮೇಲಕ್ಕೆತ್ತಿ ಒಂದು ಬಟ್ಟೆ ಚೂರಲ್ಲಿ ಕಟ್ಟಿಬಿಡ್ರಮ್ಮ, ಒಂದ್ನಿಮಿಷ ಅಷ್ಟೇ, ಆಮೇಲೆ ಬಿಚ್ಚೋಣ” ಎಂದರು. ಆ ನಿಮಿಷ ಇನ್ನೂ ಮುಗಿದಿಲ್ಲ.

ನಾಲ್ಕು ತಿಂಗಳ ಹಿಂದಿನ ಒಂದು ಮಂಗಳವಾರ ಬೆಳಿಗ್ಗೆ ಹತ್ತೂ ಕಾಲಿಗೆ, ಚಾದರದ ಮೂಲೆಯ ಜೊತೆ ಸಣ್ಣಕ್ಕನ ಬಲಗೈಯೂ ರೋಲರಿನೊಳಗೆ ಹೋಯಿತು. ಮುಖ್ಯ ಸ್ವಿಚ್ಚು ಇರುವುದು ಹದಿನಾಲ್ಕು ಹೆಜ್ಜೆ ದೂರದ ಕಂಬದ ಮೇಲೆ. ದೊಡ್ಡಕ್ಕ ಅದನ್ನು ಆರು ಹೆಜ್ಜೆಯಲ್ಲಿ ಮುಟ್ಟಿದಳೆಂದು ನೋಡಿದವರು ಹೇಳುತ್ತಾರೆ. ಕೈ ಉಳಿಯಿತು. ತೋರುಬೆರಳು, ನಡುಬೆರಳು ಉಳಿದವು ಎನ್ನಬಹುದಾದರೂ ಮಡಚುವುದಿಲ್ಲ. ಆ ಚಾದರ ನನ್ನ ಮೇಜಿಗೆ ಬಂದಿತ್ತು. ಕಲೆ ಇದೆ ಎಂದು ಬರೆದೆ.

ಇಲ್ಲಿಂದ ತಮ್ಮ ವಿಭಾಗದ ದಕ್ಷತೆಯ ಅಧ್ಯಾಯ ಶುರುವಾಗುತ್ತದೆ. ಆ ವಾರವೇ ಹಾಲಿನ ಎಂಬತ್ತಾರು ಮಂದಿ, ರಾಡನ್ನು ಬಿಚ್ಚಿಸಿ, ಸಣ್ಣಕ್ಕನನ್ನು ಕೆಲಸದಲ್ಲಿ ಉಳಿಸಿ ಎಂದು ಒಂದೇ ಹಾಳೆಯಲ್ಲಿ ಬರೆದು, ಜಾಗ ಸಾಲದೆ ಹಾಳೆಯ ಹಿಂಬದಿಯಲ್ಲೂ ಅಂಚಿನಲ್ಲೂ ಸಹಿ ಮಾಡಿ ತಮಗೆ ಕಳಿಸಿದರು. ಸಣ್ಣಕ್ಕನ ಸಹಿ ಇರಲಿಲ್ಲ. ಸಹಿ ಮಾಡುವ ಕೈ ಬ್ಯಾಂಡೇಜಿನೊಳಗಿತ್ತು. ಮೂರು ವಾರಗಳ ನಂತರ ತಮ್ಮಿಂದ ಉತ್ತರ ಬಂತು. ಒಂದಲ್ಲ, ಎಂಬತ್ತಾರು ಉತ್ತರ! ಎಂಬತ್ತಾರು ಲಕೋಟೆಗಳಲ್ಲಿ, ಒಬ್ಬೊಬ್ಬರ ಮನೆಯ ವಿಳಾಸಕ್ಕೆ. ಇಷ್ಟು ಆದರವನ್ನು ಯಾವ ಕಂಪನಿ ತೋರಿಸೀತು? ಟ್ರಾಲಿ ತಳ್ಳುವ ಮುದುಕಪ್ಪನಿಗೆ ಜೀವಮಾನದಲ್ಲಿ ಬಂದ ಮೊದಲ ಪತ್ರವಂತೆ ಅದು; ಸೊಸೆಯ ಕೈಯಲ್ಲಿ ಓದಿಸಿಕೊಂಡು, “ಏನೂ ಹೇಳಿಲ್ಲ, ಆದ್ರೆ ತುಂಬಾ ಮರ್ಯಾದೆಯಿಂದ ಹೇಳಿದ್ದಾರೆ” ಎಂದು ಮಾರನೆಯ ದಿನ ಎಲ್ಲರಿಗೂ ತೋರಿಸಿದರು.

ಎಂಬತ್ತಾರೂ ಪತ್ರಗಳನ್ನು ನಾನು ನನ್ನ ದೀಪದ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದೆ. ಅಕ್ಷರಕ್ಕೆ ಅಕ್ಷರ ಕೂಡಿಕೊಂಡಿತು, ‘ವಿಶಿಷ್ಟ’ ಎಂಬಲ್ಲಿನ ಕಾಗುಣಿತದ ತಪ್ಪು ಸಹಿತ. ಕಂಪನಿಯ ದೃಷ್ಟಿಯಲ್ಲಿ ಪ್ರತಿಯೊಬ್ಬ ನೌಕರನೂ ವಿಶಿಷ್ಟನಾದ್ದರಿಂದ ಗುಂಪಿನ ದೂರನ್ನು ಸ್ವೀಕರಿಸಲು ಬರುವುದಿಲ್ಲ, ದೂರನ್ನು ‘ನಾನು’ ಎಂದೇ ಬರೆಯಬೇಕು ಎಂದು ಎಂಬತ್ತಾರು ವಿಶಿಷ್ಟರಿಗೂ ಒಂದೇ ವಾಕ್ಯದಲ್ಲಿ ತಿಳಿಸಲಾಗಿತ್ತು. ಆ ಒಂದು ಪುಟದ ಪತ್ರದಲ್ಲಿ ‘ನಾವು ವಿಷಾದಿಸುತ್ತೇವೆ’, ‘ನಾವು ಗಮನಿಸಿದ್ದೇವೆ’, ‘ನಾವು ಬದ್ಧರಾಗಿದ್ದೇವೆ’ ಎಂದು ಆ ಪದ ಹದಿನಾಲ್ಕು ಸಲ ಬರುತ್ತದೆ, ಕೆಳಗೆ ಒಂದು ಸಹಿಯೂ ಇಲ್ಲ. ಎಂಬತ್ತಾರು ಸಹಿಗಳಿರುವವರು ಆ ಪದ ಬಳಸಬಾರದು, ಒಂದೂ ಇಲ್ಲದವರು ಬಳಸಬಹುದು ಎಂಬ ನಿಯಮದ ಸೂಕ್ಷ್ಮ ತಿಳಿಯಲು ನನಗೆ ಕೊಂಚ ಸಮಯ ಹಿಡಿಯಿತು. ಪತ್ರದ ಕೊನೆಯ ಸಾಲು ಮಾತ್ರ ಎಲ್ಲರ ಮನ ತಟ್ಟಿತು: ‘ಕಂಪನಿಯು ಎಂದಿಗೂ ನಿಮ್ಮ ಕೈ ಬಿಡುವುದಿಲ್ಲ.’ ಮೂರನೆಯ ರೋಲರಿನದೂ ಅದೇ ಧೋರಣೆ.

ತಾವು ಸೂಚಿಸಿದ ದಾರಿಯಲ್ಲೇ ನಡೆಯಬೇಕೆಂದು, ತೊಟ್ಟಿಯ ಪಕ್ಕದ ಗೋಡೆಗೆ ತಾವು ಕೂರಿಸಿರುವ ದೂರಿನ ಟ್ಯಾಬ್ಲೆಟ್ಟಿನ ಮುಂದೆ ಊಟದ ವಿರಾಮದಲ್ಲಿ ದೊಡ್ಡಕ್ಕ ಹೋಗಿ ನಿಂತಳು. ‘ದೂರುದಾರರ ಹೆಸರು’ ಎಂದು ಅದು ಕೇಳಿತು. “ಏನ್ ಬರೀಲಿ?” ಎಂದು ಅವಳು ಹಿಂದಕ್ಕೆ ತಿರುಗಿದಳು. “ನಿನ್ ಹೆಸರು ಬರೀಬೇಡ ಮಾರಾಯ್ತಿ, ನಿನ್ನೊಬ್ಬಳನ್ನೇ ಹಿಡ್ಕೋತಾರೆ” ಎಂದರು ಮುದುಕಪ್ಪ. “ಮತ್ತೆ ದೂರು ಕೊಡ್ತಿರೋದು ಯಾರು ಅಂತ ಬರೀಲಿ?” “ಯಾರು ಅಂದ್ರೆ? ನಾವು ಕಣೇ.” ಮಾನ್ಯರೇ, ಅವಳು ಸುಳ್ಳು ಬರೆಯಲು ಬಾರದ ಹೆಂಗಸು. ‘ನಾವು’ ಎಂದು ಬರೆದಳು. ಈ ಹೆಸರಿನ ನೌಕರರು ದಾಖಲೆಯಲ್ಲಿಲ್ಲ, ಹೊಸದಾಗಿ ಸೇರಿಸಬೇಕೆ ಎಂದು ಯಂತ್ರ ಕೇಳಿದ್ದಕ್ಕೆ ಹೌದು ಎಂದು ಒತ್ತಿದಳು. ವಿಭಾಗ ಕೇಳಿದ್ದಕ್ಕೆ ಇಸ್ತ್ರಿ ಹಾಲು ಎಂದಳು. ಸಮವಸ್ತ್ರದ ಅಳತೆ ಕೇಳಿದ್ದಕ್ಕೆ, ಹಿಂದೆ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿ, ಅತಿ ದೊಡ್ಡದು ಎಂದು ಒತ್ತಿದಳು.

ಹೀಗೆ ನೌಕರ ಸಂಖ್ಯೆ ೪೪೧೭, ಶ್ರೀ ನಾವು ಅವರು ಕಂಪನಿಯ ಸೇವೆಗೆ ಸೇರಿದರು. ಅವರ ಹೆಸರಿಗೆ ಅಪಚಾರವಾಗದಿರಲೆಂದು ಅಂದಿನಿಂದ ನಾನು ಆ ಪದವನ್ನು ಬೇರೆ ಯಾವ ಅರ್ಥದಲ್ಲೂ ಬಳಸುತ್ತಿಲ್ಲ. ಈ ಪತ್ರದಲ್ಲಿಯೂ ಬಳಸಿಲ್ಲ, ಪರಿಶೀಲಿಸಬಹುದು.

ಎಂಬತ್ತಾರು ಮಂದಿಗೆ ಮೂರು ವಾರ ತೆಗೆದುಕೊಂಡ ತಮ್ಮ ವಿಭಾಗ, ಇವರೊಬ್ಬರಿಗೆ ಅದೇ ಮಧ್ಯಾಹ್ನ ಸ್ಪಂದಿಸಿತು. ‘ಆತ್ಮೀಯ ನಾವು ಅವರೇ, ನಮ್ಮ ಕುಟುಂಬಕ್ಕೆ ಸ್ವಾಗತ’ ಎಂದು ಸಂದೇಶ ಬಂತು. ಹಿಂದೆಯೇ, ಸೇವೆಗೆ ಸೇರಿ ಆರು ತಿಂಗಳು ತುಂಬದವರು ದೂರು ಕೊಡುವಂತಿಲ್ಲವಾದ್ದರಿಂದ ತಮ್ಮ ದೂರನ್ನು ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ ಎಂಬ ಇನ್ನೊಂದು ಸಂದೇಶ. ನಾಲ್ಕನೆಯ ದಿನ ಸಮವಸ್ತ್ರ ಬಂತು. ಅದರೊಳಗೆ ಮೂವರು ನಿಲ್ಲಬಹುದಿತ್ತು. ನಿಂತು ನೋಡಿಯೂ ಆಯಿತು. ಆಮೇಲೆ ಮನಸ್ಸನ್ನು ಹಗುರಾಗಿಸಿಕೊಳ್ಳುವ ಬಗೆಗೆ ಅರ್ಧ ಗಂಟೆಯ ಆಪ್ತ ಸಮಾಲೋಚನೆಗೆ ಅವರೊಬ್ಬರಿಗೇ ಕರೆ ಬಂತು. ಆ ಹೊತ್ತಿಗೆ ಬೋರ್ಡು ಹಸಿರಾಗಿದ್ದುದರಿಂದ, ಅಂದರೆ ಎಲ್ಲರೂ ಕೆಲಸದಲ್ಲಿದ್ದುದರಿಂದ, ಅವರಿಗೆ ಹೋಗಲಾಗಲಿಲ್ಲ.

ಇಪ್ಪತ್ತೆರಡು ದಿನ ಗೈರುಹಾಜರಾದ ಕಾರಣ ಕೇಳಿ ನೋಟೀಸು ಬಂದಾಗ, ಒಂದ್ನಿಮಿಷ ಅವರು ಅದನ್ನು ಹಿಡಿದು ಹಾಲಿನ ನಡುವೆ ಬಂದು ನಿಂತರು. “ಯಾರ್ರೀ ಇಲ್ಲಿ ನಾವು?” ಎಂದು ಕೂಗಿದರು. “ನಾವೇ” ಎಂದಿತು ಹಾಲು. “ತಮಾಷೆ ಬೇಡ. ನಾವು ಅಂದ್ರೆ ಯಾರು ಅಂತ ಕೇಳ್ತಿದೀನಿ.” “ಅದೇ ಹೇಳಿದ್ವಲ್ಲ ಸರ್, ನಾವು ಅಂದ್ರೆ ನಾವೇ.” “ಅಯ್ಯೋ ನನ್ ತಲೆ ತಿನ್ಬೇಡ್ರಿ! ಇಷ್ಟು ದಿನ ಕೆಲಸಕ್ಕೆ ಬಂದಿದ್ದಾರೋ ಇಲ್ಲವೋ, ಅಷ್ಟು ಹೇಳಿ ಸಾಕು.” “ಒಂದು ದಿನಾನೂ ತಪ್ಪಿಸಿಲ್ಲ ಸರ್, ಬೇಕಿದ್ರೆ ಬೋರ್ಡ್ ನೋಡಿ” ಎಂದಳು ದೊಡ್ಡಕ್ಕ. ಅವರೂ ಹೆಂಡತಿ ಮಕ್ಕಳಿರುವ ಮನುಷ್ಯ. ಹಣೆ ಒರೆಸಿಕೊಂಡು, ಇಪ್ಪತ್ತೆರಡೂ ದಿನಗಳಿಗೆ ‘ಹಾಜರು’ ಎಂದು ಬರೆದುಕೊಂಡು ಹೋದರು.

ಅದರ ಫಲವಾಗಿಯೇ ಕಳೆದ ತಿಂಗಳ ಉತ್ತಮ ನೌಕರ ಪ್ರಶಸ್ತಿ ಶ್ರೀ ನಾವು ಅವರಿಗೆ ದೊರೆಯಿತು. ಒಂದು ದಿನವೂ ತಡವಾಗಿ ಬಂದಿಲ್ಲ, ರಜೆ ಕೇಳಿಲ್ಲ, ಚಹಾಕ್ಕೆ ಎದ್ದಿಲ್ಲ, ಮೊದಲ ದಿನದ ಒಂದು ದುಡುಕನ್ನು ಬಿಟ್ಟರೆ ದೂರಿಲ್ಲ ಎಂದು ಪ್ರಶಸ್ತಿಪತ್ರ ಹೇಳುತ್ತದೆ. ವ್ಯಾಕರಣದಲ್ಲಿ ಅವರು ಮೊದಲಿನಿಂದಲೂ ಉತ್ತಮ ಪುರುಷರೇ. ಕಂಪನಿಗೆ ತಿಳಿದದ್ದು ಈಗ. ಭಾವಚಿತ್ರವಿಲ್ಲದ ಚೌಕಟ್ಟನ್ನು ತೊಟ್ಟಿಯ ಮೇಲ್ಗಡೆ ತೂಗುಹಾಕಿದ್ದಾರೆ. ಅದರ ಗಾಜಿನಲ್ಲಿ, ಕೈ ತೊಳೆಯಲು ಬಂದವರ ಮುಖ ಕಾಣುತ್ತದೆ.

ಈ ನಡುವೆ ಸಣ್ಣಕ್ಕನಿಗೂ ತಮ್ಮಿಂದ ಒಂದು ಪತ್ರ ಹೋಯಿತು. ಅಜಾಗರೂಕತೆಯಿಂದ ರೋಲರಿನ ಹೊದಿಕೆಯನ್ನು ಹಾಳುಮಾಡಿ, ಉತ್ಪಾದನೆಯನ್ನು ನಲವತ್ತು ನಿಮಿಷ ನಿಲ್ಲಿಸಿದ್ದಕ್ಕಾಗಿ ಅವಳನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಏಳನೆಯ ಮಹಡಿಯಲ್ಲಿ ವಿಚಾರಣೆ. ಕಳೆದ ಭಾನುವಾರ ನಾನು ಅವಳ ಮನೆಗೆ ಹೋಗಿದ್ದಾಗ ಮಗಳು ಅವಳಿಗೆ ಜಡೆ ಹಾಕುತ್ತಿದ್ದಳು. ಐದನೆಯ ತರಗತಿಯ ಹುಡುಗಿ, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು, “ಅಲ್ಲಾಡ್ಬೇಡಮ್ಮ, ನೀನೇ ಹಾಕ್ಕೋತಿದ್ದಾಗ ಹಿಂಗೆ ಅಲ್ಲಾಡ್ತಿದ್ಯಾ?” ಎಂದು ಗದರುತ್ತಿದ್ದಳು. ಜಡೆ ಎಡಕ್ಕೆ ವಾಲಿತ್ತು. ಸಣ್ಣಕ್ಕ ನನ್ನ ಕಡೆ ತಿರುಗದೆಯೇ ಕೇಳಿದಳು: “ರಾಡ್ ಬಿಚ್ಚಿದ್ರಾ ಅಕ್ಕ?” ಇಲ್ಲ ಎಂದೆ. “ಮತ್ತೆ ನನ್ ಜಾಗದಲ್ಲಿ ಈಗ ಯಾರು ನಿಂತಿದ್ದಾರೆ?” ಎಂದಳು. ಹೇಳಿದೆ. ಆಮೇಲೆ ಅವಳು ಎಡಗೈಯಿಂದ ವಿಚಾರಣೆಯ ನೋಟೀಸನ್ನು ಹತ್ತಿರಕ್ಕೆ ಎಳೆದುಕೊಂಡಳು.

ಇಷ್ಟಾದರೂ ತಮ್ಮ ನಿಲುವಿನ ಹಿಂದೆ ಘನವಾದ ತತ್ತ್ವವಿದೆ ಎಂಬುದನ್ನು ಒಪ್ಪುತ್ತೇನೆ. ಆ ತತ್ತ್ವ ಅರ್ಧಕ್ಕೇ ನಿಂತಿದೆ ಎಂಬುದೊಂದೇ ನನ್ನ ಕೊರಗು. ಆದಕಾರಣ ಗುಂಪಿನ ದೂರು ಕೂಡದೆಂಬ ತಮ್ಮ ಪತ್ರವನ್ನು ಮೂರನೆಯ ರೋಲರಿಗೂ ಯಾರಾದರೂ ಓದಿಹೇಳುವಂತೆ ಆಜ್ಞೆ ಮಾಡಬೇಕು. ಅದು ಒಂದು ಚಾದರದ ಎರಡು ಮೂಲೆಗಳನ್ನು ಇಬ್ಬರ ಕೈಯಿಂದ ಒಟ್ಟಿಗೆ ಪಡೆಯುತ್ತಿದೆ, ಇದು ಶುದ್ಧ ಗುಂಪುಗಾರಿಕೆ. ಇನ್ನು ಮುಂದೆ ಒಂದೊಂದು ಮೂಲೆಗೂ ಪ್ರತ್ಯೇಕ ಅರ್ಜಿ ಪಡೆಯಲಿ, ಒಬ್ಬೊಬ್ಬರ ಕೈಯನ್ನು ಎಳೆದುಕೊಳ್ಳುವ ಮೊದಲು ಅವರ ವೈಶಿಷ್ಟ್ಯವನ್ನು ಗಮನಿಸಲಿ. ಹಾಲಿನೊಳಗಿನ ಹಬೆ ಎಲ್ಲರ ಮೂಗಿಗೂ ಒಂದೇ ಸಮನೆ ಹೋಗುತ್ತಿರುವುದನ್ನು ತಡೆದು, ನೌಕರ ಸಂಖ್ಯೆಯ ಪ್ರಕಾರ ಹಂಚಿಸಬೇಕು. ಇನ್ನು ವ್ಯಾಕರಣದ ಉತ್ತಮ ಪುರುಷ ಬಹುವಚನವನ್ನು ಆರನೆಯ ಮಹಡಿಯವರೆಗೆ ರದ್ದುಪಡಿಸಿ, ಏಳನೆಯದಕ್ಕೆ ಮಾತ್ರ ಕಾಯ್ದಿರಿಸಬೇಕು. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿ ಅದನ್ನು ಜೋರಾಗಿ ಓದಿ ಹಿರಿಯರ ಮನಸ್ಸು ಕೆಡಿಸದಂತೆ ಪಠ್ಯಪುಸ್ತಕಗಳಲ್ಲಿ ಆ ಪುಟವನ್ನು ಅಂಟಿಸಿಬಿಟ್ಟರೂ ನಡೆದೀತು.

ಇವೆಲ್ಲ ನಿಧಾನವಾಗಿ ಆಗಲಿ. ಅವಸರದ್ದು ಸೋಮವಾರದ ಸಂಗತಿ, ಈ ಪತ್ರದ ನಿಜವಾದ ಉದ್ದೇಶವೂ ಅದೇ.

ವಿಚಾರಣೆಯ ನೋಟೀಸಿನ ಒಂಬತ್ತನೆಯ ಅಂಶದ ಪ್ರಕಾರ, ಆರೋಪಕ್ಕೆ ಒಳಗಾದವರು ಉತ್ತಮ ದಾಖಲೆಯುಳ್ಳ ಒಬ್ಬ ಸಹೋದ್ಯೋಗಿಯನ್ನು, ಒಬ್ಬರನ್ನು ಮಾತ್ರ, ತಮ್ಮ ಪರವಾಗಿ ಮಾತನಾಡಲು ಕರೆತರಬಹುದು. ಸಣ್ಣಕ್ಕ ಆ ಅರ್ಜಿಯನ್ನು ತುಂಬಿ ಕಳಿಸಿದ್ದಾಳೆ. ಎಡಗೈಯಲ್ಲಿ ಬರೆದದ್ದರಿಂದ ಅಕ್ಷರ ಸೊಟ್ಟಗಿರಬಹುದು, ಹೆಸರು ಮಾತ್ರ ಸ್ಪಷ್ಟವಾಗಿದೆ: ಶ್ರೀ ನಾವು, ನೌಕರ ಸಂಖ್ಯೆ ೪೪೧೭. ತಮ್ಮ ಯಂತ್ರ ದಾಖಲೆ ನೋಡಿ, ಗೈರುಹಾಜರಿ ಇಲ್ಲ, ತಿಂಗಳ ಉತ್ತಮ ನೌಕರ, ‘ಅನುಮೋದಿಸಲಾಗಿದೆ’ ಎಂದು ನಾಲ್ಕು ಸೆಕೆಂಡಿನಲ್ಲಿ ಉತ್ತರಿಸಿತು. ಅನುಮೋದನೆಯ ಪ್ರತಿಯನ್ನು ಲಗತ್ತಿಸಿದ್ದೇನೆ. ಅದರ ಮೇಲೆ ತಮ್ಮ ವಿಭಾಗದ ಮುದ್ರೆ ಇದೆ. ದೀಪದ ಮೇಲೆ ಇಟ್ಟು ನೋಡಿದೆ, ಅಸಲಿ.

ಆದುದರಿಂದ ಸೋಮವಾರ ಅವರು ಬರುತ್ತಾರೆ. ಅವರಿಗೆ ಬೇಕಾದ ಕೆಲವು ಏರ್ಪಾಡುಗಳನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಶ್ರೀ ನಾವು ಅವರದು ಭಾರೀ ಮೈಕಟ್ಟು, ಒಂದು ಕುರ್ಚಿ ಸಾಲದು. ಲಿಫ್ಟಿನಲ್ಲಿ ಎಂಟೆಂಟು ಮಂದಿಯಾಗಿ ಹನ್ನೊಂದು ಸಲ ಬರಬೇಕಾಗುತ್ತದೆ, ತಡವಾದರೆ ಅದನ್ನು ಅವರ ದಾಖಲೆಯಲ್ಲಿ ಕಪ್ಪು ಚುಕ್ಕೆಯಾಗಿ ನಮೂದಿಸಬಾರದಾಗಿ ಕೋರಿಕೆ. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರೆ ಉತ್ತಮ. ಉತ್ತರಗಳು ಹಾಗೆ ಬರುತ್ತವೆಂಬ ಭರವಸೆಯನ್ನು ಕೊಡಲಾರೆ. ಗುರುತಿನ ಪರೀಕ್ಷೆಗೆ ಕೈ ತೋರಿಸಿ ಎಂದರೆ ನೂರ ಎಪ್ಪತ್ತೆರಡು ಕೈ ತೋರಿಸುತ್ತಾರೆ. ಸದ್ಯಕ್ಕೆ ಆ ಕೈಗಳ ಬೆರಳುಗಳೆಲ್ಲ ಮಡಚುತ್ತವೆ. ಕೊಠಡಿ ಸಾಲದಿದ್ದರೆ ಕಾರಿಡಾರಿನಲ್ಲಿ ನಿಲ್ಲುತ್ತಾರೆ, ಆದರೆ ಆಗ ತಮ್ಮ ಗಾಜಿನ ಬಾಗಿಲನ್ನು ತೆರೆದಿಡಬೇಕಾಗಬಹುದು. ತಂಪು ಹೊರಗೆ ಹೋಗುವುದಕ್ಕೆ ಮುಂಚಿತವಾಗಿಯೇ ಕ್ಷಮೆ ಕೋರುತ್ತೇನೆ.

ಅವರು ಹೇಳಬೇಕೆಂದಿರುವುದು ಚಿಕ್ಕದು. ರಾಡನ್ನು ಕಟ್ಟಿದ್ದು ಯಾರ ಮಾತಿನಿಂದ, ಎಂದಿನಿಂದ, ಈಗಲೂ ಅದು ಹಾಗೆಯೇ ಇದೆಯೋ ಇಲ್ಲವೋ ಎಂಬುದು. ನೋಡಿದವರು ನೋಡಿದ್ದನ್ನು ಹೇಳುತ್ತಾರೆ, ಅಷ್ಟೇ. ಸಣ್ಣಕ್ಕ ಆ ಮಂಗಳವಾರ ಎಚ್ಚರ ತಪ್ಪಿದ್ದಳೆ ಎಂದು ತಾವು ಕೇಳಿದರೆ, ಏಳು ಗಂಟೆಯಿಂದ ಹತ್ತೂ ಕಾಲಿನವರೆಗೆ ಅವಳ ಕೈಯಿಂದ ಬಂದ ನಾನೂರ ಹನ್ನೆರಡು ಚಾದರಗಳಲ್ಲಿ ಒಂದಕ್ಕೂ ಸುಕ್ಕಿರಲಿಲ್ಲವೆಂಬ ನನ್ನ ರಿಜಿಸ್ಟರಿನ ಪುಟ ಮೇಜಿನ ಮೇಲಿರುತ್ತದೆ. ಅದನ್ನು ನಾನು ಒಬ್ಬಳೇ ಬರೆದದ್ದು, ಸ್ವೀಕಾರಾರ್ಹ.

ತಮ್ಮ ಶ್ರವಣಶಕ್ತಿ ಸೋಮವಾರದವರೆಗಾದರೂ ಹೀಗೆಯೇ ಇರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಕಲೆ ತಪಾಸಣೆ ಮೇಜಿನವಳು
(ಒಬ್ಬಳೇ)

ತಾ.ಕ.: ಶ್ರೀ ನಾವು ಅವರು ಮೇಲೆ ಬಂದಿರುವಷ್ಟು ಹೊತ್ತು ಕೆಳಗೆ ಹಾಲಿನಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಮುಖ್ಯ ಸ್ವಿಚ್ಚನ್ನು ಆರಿಸಿ ಬರಲಾಗುವುದು. ದೀಪದ ಬೋರ್ಡು ಕೆಂಪಾಗುತ್ತದೆ; ತಾವು ಗಾಬರಿಯಾಗಬಾರದು. ಕೆಲಸದ ವೇಳೆಯಲ್ಲಿ ಮೂರನೆಯ ರೋಲರು ನಿಲ್ಲುತ್ತಿರುವುದು ಏಳು ತಿಂಗಳಲ್ಲಿ ಇದು ಎರಡನೆಯ ಸಲ, ಮತ್ತು ಈ ಸಲ ಅದು ಯಾರ ಕೈಯನ್ನೂ ಕೇಳುತ್ತಿಲ್ಲ.